ಅತ್ತೆಯ ಮಂಚದ ಕೆಳಗಿನ ರೋಮನ್

ಈ ಕಥೆಯನ್ನು ನಾನು ತಲೆ ತಗ್ಗಿಸಿಕೊಂಡೇ ಹೇಳುತ್ತಿದ್ದೇನೆ, ಕೇಳುವವರು ದಯವಿಟ್ಟು ನನ್ನ ಮುಖ ನೋಡಬಾರದು. ಹೆಸರು ಅನಿಯೆಲ್ಲೊ ಕಪುವಾನೊ. ನೇಪಲ್ಸ್‌ನಲ್ಲಿ ಗುಡ್ಡ ಹತ್ತುವ ಕೇಬಲ್ ರೈಲಿನ ಬಾಗಿಲು ಮುಚ್ಚುವ ಕೆಲಸ. ಇಪ್ಪತ್ತೆಂಟು ವರ್ಷಗಳಲ್ಲಿ ಒಬ್ಬರ ಕೋಟಿನ ತುದಿಯನ್ನೂ ಬಾಗಿಲಿಗೆ ಸಿಕ್ಕಿಸಿದವನಲ್ಲ. ಬಾಗಿಲು ಮುಚ್ಚುವುದರಲ್ಲಿ ಇಷ್ಟು ಹುಷಾರಾದವನು ಬಾಯಿ ಮುಚ್ಚುವುದನ್ನು ಕಲಿಯಲಿಲ್ಲ, ಅಷ್ಟೇ ನನ್ನ ತಪ್ಪು.

ನಮ್ಮದು ಐದು ಅಂತಸ್ತಿನ ಹಳೆಯ ಕಟ್ಟಡ. ನಾವಿರುವುದು ನಾಲ್ಕನೆಯದರಲ್ಲಿ: ನಾನು, ಹೆಂಡತಿ ತಿತೀನಾ, ಅವಳ ತಾಯಿ ಅಸುಂತಾ. ತೊಂಬತ್ತಾರು ಮೆಟ್ಟಿಲು, ಲಿಫ್ಟ್ ಇಲ್ಲ. ಹನ್ನೆರಡು ವರ್ಷಗಳ ಹಿಂದೆ ನಿವಾಸಿಗಳೆಲ್ಲ ಸೇರಿ ಹನ್ನೊಂದು ಸಭೆ ನಡೆಸಿ, ಎರಡು ಸಲ ಕೈಕೈ ಮಿಲಾಯಿಸಿ, ಕೊನೆಗೆ ಲಿಫ್ಟ್ ಹಾಕಿಸುವುದೆಂದು ತೀರ್ಮಾನಿಸಿದೆವು. ಗುಂಡಿ ತೋಡಲು ಬಂದ ಮೇಸ್ತ್ರಿ ಬೇರೆ ಊರಿನವನು. ಮೂರು ಮೀಟರ್ ಕೆಳಗೆ ಹಳೆಯ ಗೋಡೆಯೊಂದು ಸಿಕ್ಕಿತು. ನಮ್ಮೂರಿನವನಾಗಿದ್ದರೆ ಅತ್ತಿತ್ತ ನೋಡಿ, ಎದೆ ಮೇಲೆ ಶಿಲುಬೆ ಗುರುತು ಮಾಡಿಕೊಂಡು, ಮತ್ತೆ ಮಣ್ಣು ಎಳೆದುಬಿಡುತ್ತಿದ್ದ. ಈ ಪ್ರಾಮಾಣಿಕ ಫೋನ್ ಮಾಡಿದ.

ಮರುದಿನವೇ ಪ್ರಾಚ್ಯವಸ್ತು ಇಲಾಖೆಯವರೊಬ್ಬರು ಬಂದು ಗುಂಡಿಗೆ ಇಣುಕಿ, ತಲೆಯ ಮೇಲಿನ ಟೋಪಿ ತೆಗೆದರು. ಆ ಟೋಪಿ ಇಳಿದದ್ದನ್ನು ನೋಡಿಯೇ, ಕೆಳಗೆ ಕ್ಷೌರದಂಗಡಿ ಇಟ್ಟಿರುವ ಬಿಯಾಜೊ, "ಲಿಫ್ಟ್ ತೀರ್ಕೊಂಡ್ತು" ಅಂದ. ಹಾಗೆಯೇ ಆಯಿತು. ಲಿಫ್ಟ್ ಬರಬೇಕಾದ ಗುಂಡಿಯಲ್ಲಿ ರೋಮನ್ನರ ಅಗಸರ ಕಟ್ಟೆ ಎದ್ದಿತು: ಬಟ್ಟೆ ತುಳಿಯುವ ತೊಟ್ಟಿಗಳು, ಒಂದು ಬಾವಿ, ಮೂಲೆಯಲ್ಲಿ ಒಂದು ಅಸ್ಥಿಪಂಜರ. ಹನ್ನೆರಡು ವರ್ಷ ಧೂಳು ಕುಡಿದ ಮೇಲೆ ಅದರ ಮೇಲೆ ಗಾಜಿನ ನೆಲ ಹಾಕಿ, ದೀಪ ಬಿಟ್ಟು, ವಸ್ತುಸಂಗ್ರಹಾಲಯವೆಂದು ಬೋರ್ಡು ತೂಗಿಸಿದರು.

ಇದರಿಂದ ಪೆಟ್ಟು ತಿಂದವರು ಯಾರೆಂದರೆ ಅತ್ತೆ. ನಲವತ್ತು ವರ್ಷ ಹೋಟೆಲಿನ ಹಾಸಿಗೆ ಬಟ್ಟೆ ಒಗೆದು ಇಸ್ತ್ರಿ ಮಾಡಿದ ಹೆಂಗಸು. ವಯಸ್ಸು ಎಂಬತ್ತೆರಡು, ಮೊಣಕಾಲು ಎರಡೂ ಕೈಕೊಟ್ಟಿದ್ದವು. ಮೂರು ವರ್ಷದಿಂದ ಬೀದಿಗೆ ಇಳಿದಿರಲಿಲ್ಲ. ಕಿಟಕಿಯಿಂದ ಹಗ್ಗ ಕಟ್ಟಿ ಇಳಿಬಿಡುವ ಬುಟ್ಟಿ, ಮತ್ತು ದಿನವಿಡೀ ಮಾತಾಡುವ ಟಿವಿ, ಇವೆರಡೇ ಅವರ ಲೋಕ. ಆ ಚಳಿಗಾಲದಲ್ಲಂತೂ ತಮಗೆ ಈ ಭೂಮಿಯ ಮೇಲೆ ಇನ್ನು ಕೆಲಸವಿಲ್ಲವೆಂದು ನಿರ್ಧರಿಸಿದವರಂತೆ ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಿದ್ದರು. ಎರಡು ಚಮಚ ಸೂಪು ಕುಡಿಸುವುದರೊಳಗೆ ತಿತೀನಾಳ ಕಣ್ಣಲ್ಲಿ ನೀರು ಬರುತ್ತಿತ್ತು.

ಸಂಗ್ರಹಾಲಯ ಬಾಗಿಲು ತೆರೆಯುವ ಮುನ್ನಾದಿನ ನಮ್ಮ ಕಟ್ಟಡದವರಿಗೆಂದೇ ವಿಶೇಷ ಆಹ್ವಾನವಿತ್ತು, ಮನೆಗೆ ಒಬ್ಬರಂತೆ. ನಮ್ಮ ಮನೆಯಿಂದ ನಾನು ಹೋದೆ. ಟ್ಯೂರಿನ್‌ನಿಂದ ಬಂದ ಸಂಶೋಧಕಿ, ಡಾಕ್ಟರಮ್ಮ ಬರ್ಬೇರಿಸ್, ಒಂದೊಂದು ಕಲ್ಲಿನ ಮುಂದೆಯೂ ನಿಂತು ವಿವರಿಸಿದರು. ನಾನು ಕೇಳಿಸಿಕೊಳ್ಳಲಿಲ್ಲ. ಶೂ ಮೇಲೆ ಹಾಕಿಕೊಳ್ಳಲು ಕೊಟ್ಟ ಬಟ್ಟೆಚೀಲದಲ್ಲಿ ಜಾರುತ್ತಾ, ನಮ್ಮ ಅಡುಗೆಮನೆ ಯಾವುದರ ಮೇಲೆ ಬರುತ್ತದೆಂದು ಹೆಜ್ಜೆ ಎಣಿಸುವುದರಲ್ಲೇ ಮುಳುಗಿದ್ದೆ. ಹನ್ನೊಂದನೇ ಹೆಜ್ಜೆಗೆ ಒಂದು ಕಂಬಕ್ಕೆ ಡಿಕ್ಕಿ ಹೊಡೆದೆ.

ಮನೆಗೆ ಬಂದರೆ ತಿತೀನಾ ಕೇಳಿದಳು, ಏನೇನಿತ್ತು ಅಂತ. ನಮ್ಮ ಓಣಿಯಲ್ಲಿ "ಗೊತ್ತಿಲ್ಲ" ಅನ್ನುವವನನ್ನು ಆಮೇಲೆ ಯಾರೂ ಏನೂ ಕೇಳುವುದಿಲ್ಲ. ಅಂಥ ಬಾಳು ನನಗೆ ಬೇಡವಾಗಿತ್ತು. ಒಬ್ಬ ಮನುಷ್ಯನ ಮೂಳೆಗಳಿವೆ ಎಂದೆ. ಸರಿಯಾಗಿ ಅತ್ತೆಯ ಮಂಚದ ಕೆಳಗೇ ಬರುತ್ತಾನೆ ಎಂದೆ. ಗಂಡಸು, ಪ್ರಾಯದವನು, ಇಪ್ಪತ್ತೆರಡು ವರ್ಷ, ಹಲ್ಲು ಮುತ್ತಿನ ಸಾಲು, ಡಾಕ್ಟರಮ್ಮ ನನ್ನನ್ನೇ ಪಕ್ಕಕ್ಕೆ ಕರೆದು ಹೇಳಿದರು, ಎಂದೆ. ಇಪ್ಪತ್ತೆರಡು ಯಾಕೆ, ಮೂವತ್ತು ಯಾಕಲ್ಲ? ಬಾಯಿಗೆ ಬಂತು, ಹೇಳಿದೆ.

ಗೋಡೆಯ ಕಡೆ ಮುಖ ಮಾಡಿದ್ದ ಅತ್ತೆ ತಿರುಗಿದರು.

"ಅವನಿಗೆ ಯಾರಿದಾರೆ?" ಎಂದು ಕೇಳಿದರು.

ಎರಡು ಸಾವಿರ ವರ್ಷದ ಹಿಂದೆ ಸತ್ತವನಿಗೆ ಯಾರಿರುತ್ತಾರೆ ಅತ್ತೆ, ಎಂದೆ. ಅತ್ತೆ ಎದ್ದು ಕೂತು ಸೂಪು ಕೇಳಿದರು. ಆ ದಿನ ಒಂದು ಬಟ್ಟಲು ಪೂರ್ತಿ ಕುಡಿದರು. ಅಡುಗೆಮನೆಯಲ್ಲಿ ತಿತೀನಾ ನನ್ನ ಕಿವಿಯಲ್ಲಿ, ವಿತ್ತೊರೊ ಮಾವ ರಷ್ಯಾದ ಯುದ್ಧಕ್ಕೆ ಹೋದಾಗ ಅವರಿಗೂ ಇಪ್ಪತ್ತೆರಡೇ ಎಂದಳು. ವಿತ್ತೊರೊ ಅಂದರೆ ಅತ್ತೆಯ ಅಣ್ಣ. ಹಿಮದಲ್ಲಿ ಹೋದವನು, ಹೆಣವೂ ಬರಲಿಲ್ಲ, ಕಾಗದವೂ ಬರಲಿಲ್ಲ.

ನಮ್ಮೂರಿನ ಮುದುಕಿಯರಿಗೆ ಒಂದು ಹಳೆಯ ಒಪ್ಪಂದ ಗೊತ್ತು. ನಿನ್ನವರ ಮೂಳೆ ಎಲ್ಲೋ ದೂರದಲ್ಲಿ ಅನಾಥವಾಗಿ ಬಿದ್ದಿದ್ದರೆ, ಇಲ್ಲಿ ಬಿದ್ದಿರುವ ಒಂದು ಅನಾಥ ಮೂಳೆಯನ್ನು ನಿನ್ನದೆಂದು ಹಿಡಿದುಕೋ. ಒರೆಸು, ಕರವಸ್ತ್ರ ಹಾಸು, ಸೋಮವಾರ ಸೋಮವಾರ ನೀರಿಡು, ದೀಪವಿಡು. ನೀನು ಇವನನ್ನು ನೋಡಿಕೊಂಡರೆ, ಅಲ್ಲಿ ಯಾವಳೋ ನಿನ್ನವನನ್ನು ನೋಡಿಕೊಳ್ಳುತ್ತಾಳೆ. ಹಿಂದೆ ಅತ್ತೆಗೂ ಗುಡ್ಡದ ಗುಹೆಯಲ್ಲಿ ಒಂದು ತಲೆಬುರುಡೆ ಇತ್ತು. ಆಮೇಲೆ ದೊಡ್ಡ ಪಾದ್ರಿಗಳು ಇದೆಲ್ಲ ಬೇಡವೆಂದು ಗುಹೆಗೆ ಬೀಗ ಹಾಕಿಸಿದರು. ಅಂದಿನಿಂದ ರಷ್ಯಾದಲ್ಲಿ ಅಣ್ಣನಿಗೆ ಯಾರೂ ನೀರಿಡುತ್ತಿಲ್ಲ ಎಂಬುದು ಅವರ ಎದೆಯೊಳಗೆ ಕೂತಿತ್ತು. ಈಗ ನನ್ನ ಬಾಯಿಂದ, ಮಂಚದ ಸರಿಯಾಗಿ ಕೆಳಗೆ, ಮತ್ತೊಬ್ಬ ಸಿಕ್ಕಿದ್ದ.

ಸೋಮವಾರ ಬೆಳಗ್ಗೆ ಬುಟ್ಟಿ ಇಳಿಯಿತು: ಇಸ್ತ್ರಿ ಮಾಡಿದ ಕರವಸ್ತ್ರ, ಒಂದು ಲೋಟ ನೀರು, ಮೂರು ಬಿಳಿ ಹೂವಿನ ಪುಟ್ಟ ಹೂದಾನಿ. ಬೀದಿಯಲ್ಲಿ ನಿಂತು ಬುಟ್ಟಿ ಬಿಚ್ಚಿಕೊಂಡು ನಾನೇ ಒಳಗೆ ಒಯ್ದೆ. ಮೂಲೆಯ ಗಾಜಿನ ಹತ್ತಿರ ಬಗ್ಗಿ ಹೂದಾನಿ ಇಡಬೇಕು, ಅಂಗೈ ಅಗಲದ ಒಂದು ಫಲಕ ಕಣ್ಣಿಗೆ ಬಿತ್ತು. "ಪ್ರತಿಕೃತಿ. ಮೂಲ ಅಸ್ಥಿಗಳು ಟ್ಯೂರಿನ್‌ನ ಪ್ರಯೋಗಶಾಲೆಯಲ್ಲಿವೆ. ಮಹಿಳೆ, ಸುಮಾರು ಐವತ್ತು ವರ್ಷ."

ಆವತ್ತೇ ಮೇಲೆ ಹೋಗಿ ಹೇಳಿಬಿಟ್ಟಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಹೇಳಬೇಕೆಂದೇ ಮೆಟ್ಟಿಲು ಹತ್ತಿದೆ. ಬಾಗಿಲಲ್ಲಿ ಅತ್ತೆ ನಿಂತಿದ್ದರು. ನಿಂತಿದ್ದರು, ಕೋಲು ಹಿಡಿದುಕೊಂಡು, ತಲೆ ಬಾಚಿಕೊಂಡು. "ಬೆವರಿದ್ನಾ?" ಎಂದು ಕೇಳಿದರು. ಬುರುಡೆ ಬೆವರಿದರೆ ಪ್ರಾರ್ಥನೆ ತಲುಪಿತೆಂದು ನಮ್ಮವರ ನಂಬಿಕೆ. ಪ್ಲಾಸ್ಟರ್ ಎಲ್ಲಿಂದ ಬೆವರಬೇಕು, ಬೆವರಿದವನು ನಾನು. "ಬೆವರಿದ ಅತ್ತೆ, ಹಣೆಯೆಲ್ಲ ಒದ್ದೆ" ಎಂದೆ. ಅತ್ತೆ ಅಡುಗೆಮನೆಗೆ ಹೋಗಿ, ಮೂರು ವರ್ಷದ ಮೇಲೆ ಮೊದಲ ಸಲ, ಬದನೆಕಾಯಿ ಕರಿದರು.

ಅಂದಿನಿಂದ ನಾನು ಹೂದಾನಿಯನ್ನು ಯಾವಾಗಲೂ ಆ ಫಲಕದ ಮೇಲೇ ಇಟ್ಟೆ. ಹಾಗೆ ನೋಡಿದರೆ ಮುಚ್ಚುವ ಅಗತ್ಯವೇ ಇರಲಿಲ್ಲ. ಫಲಕ ಓದುವುದು ಹೊರಗಿನಿಂದ ಬಂದವರ ಕೆಲಸವೆಂದು ನಮ್ಮ ಓಣಿಯವರ ಅಭಿಪ್ರಾಯ. ನೋಡನೋಡುತ್ತಿದ್ದಂತೆ ಬೇರೆಯವರೂ ಸೇರಿಕೊಂಡರು. ಎದುರಿಗೆ ಹೊಸದಾಗಿ ಬಂದ ಹೇರ್ ಸಲೂನ್ ಮುಚ್ಚಿಹೋಗಲೆಂದು ಬಿಯಾಜೊ ಹರಕೆ ಹೊತ್ತ. ಮೂರನೇ ದಿನ ಆ ಸಲೂನಿನ ಶಟರ್ ಸಿಕ್ಕಿಕೊಂಡು ಎರಡು ಗಂಟೆ ಏಳಲಿಲ್ಲ. ಮರುದಿನ ಓಣಿಯ ಅರ್ಧ ಜನ ಹೂವು ಹಿಡಿದು ಬಂದರು. ಸಂಗ್ರಹಾಲಯದ ಕಾವಲುಗಾರ ಸೊಸ್ಸಿಯೊ ಪಿತ್ತಕೋಶದ ಕಲ್ಲು ಕರಗಲೆಂದು ಬೇಡಿಕೊಂಡ. ಅದು ಕರಗಿತೆಂದು ಅವನೇ ಸಾರಿದ, ಡಾಕ್ಟರಿಗೆ ತೋರಿಸಲಿಲ್ಲ. ತಿತೀನಾ ಕೂಡ ಗಂಡನ ಮಾತು ಕಡಿಮೆಯಾಗಲೆಂದು ಒಂದು ಮೇಣದಬತ್ತಿ ಹಚ್ಚಿದ್ದು ನನಗೆ ಆಮೇಲೆ ತಿಳಿಯಿತು. ಅದು ಮಾತ್ರ ಫಲಿಸಲಿಲ್ಲ.

ಗಾಜಿನ ಮೇಲೆ ಯಾವ ವಸ್ತುವನ್ನೂ ಇಡಬಾರದೆಂದು ಒಂದು ಸೂಚನೆ ಬಂತು. ಅದರ ಪಕ್ಕದಲ್ಲೂ ಒಬ್ಬರು ಹೂವಿಟ್ಟರು. ಸೆಪ್ಟೆಂಬರ್ ಹೊತ್ತಿಗೆ ಅಲ್ಲಿ ಹದಿನೇಳು ದೀಪ, ಕಾಫಿ ಕಪ್ಪುಗಳು, ಯಾರದೋ ಊರುಗೋಲು, ಒಂದು ಮದುವೆ ಫೋಟೊ. ಪ್ರವಾಸಿಗಳು ರೋಮನ್ ತೊಟ್ಟಿಗಳನ್ನು ಬಿಟ್ಟು ಇವುಗಳ ಫೋಟೊ ತೆಗೆದುಕೊಳ್ಳುತ್ತಿದ್ದರು. ಪ್ರತಿ ಸೋಮವಾರ ನಾನು ಅತ್ತೆಗೆ ವರದಿ ಒಪ್ಪಿಸಬೇಕು. ಬರೀ ಬೆವರಿದ ಎಂದರೆ ಸಾಲದಾಯಿತು. ಒಮ್ಮೆ ಮುಖ ಗೆಲುವಾಗಿತ್ತು ಎಂದೆ, ಇನ್ನೊಮ್ಮೆ ತುಟಿ ಅಲುಗಿದಂತಿತ್ತು ಎಂದೆ. ತುಟಿಯೇ ಇಲ್ಲದವನ ತುಟಿ ಅಲುಗಿಸಿದ ಮೇಲೆ ಎರಡು ದಿನ ನನಗೇ ಊಟ ಸೇರಲಿಲ್ಲ.

ಅಕ್ಟೋಬರ್ ಕೊನೆಗೆ ಅತ್ತೆ ಘೋಷಿಸಿದರು: ಬರುವ ಸೋಮವಾರ ಸತ್ತವರ ಹಬ್ಬ, ತಾವೇ ಇಳಿದು ಹೋಗಿ ಅವನನ್ನು ನೋಡಬೇಕು. ಕುರ್ಚಿಗೆ ಎರಡು ಬಿದಿರು ಕಟ್ಟುವುದು, ಬಿಯಾಜೊ ಮತ್ತು ಸೊಸ್ಸಿಯೊ ಮುಂದೆ, ನಾನು ಹಿಂದೆ. ಕಪ್ಪು ಲಂಗ ಇಸ್ತ್ರಿಯಾಯಿತು. ಕನ್ನಡಕದ ಗಾಜು ಬದಲಾಯಿತು. ಹೊಸ ಕನ್ನಡಕದಲ್ಲಿ ಅತ್ತೆ ಔಷಧದ ಶೀಶೆಯ ಮೇಲಿನ ಇರುವೆ ಗಾತ್ರದ ಅಕ್ಷರಗಳನ್ನೂ ಓದಿದರು. ನಾನು ಆ ರಾತ್ರಿ ಮಗ್ಗುಲು ಬದಲಾಯಿಸುತ್ತಲೇ ಇದ್ದೆ. ನಿಜ ತಿಳಿದರೆ ಈ ಹೆಂಗಸು ಮತ್ತೆ ಗೋಡೆಯ ಕಡೆ ತಿರುಗುತ್ತಾರೆ, ಇನ್ನು ಈ ಕಡೆ ತಿರುಗುವುದಿಲ್ಲ.

ಶುಕ್ರವಾರ ಮಧ್ಯಾಹ್ನ ಡಾಕ್ಟರಮ್ಮ ಬರ್ಬೇರಿಸ್ ಟ್ಯೂರಿನ್‌ನಿಂದ ತಪಾಸಣೆಗೆ ಬಂದಿಳಿದರು. ಆರು ತಿಂಗಳ ಮೇಣವನ್ನು ಉಗುರಿನಿಂದ ಕೆರೆದು ನೋಡಿದರಂತೆ. ಇದನ್ನೆಲ್ಲ ಶುರು ಮಾಡಿದವರು ಯಾರು ಎಂದು ಕೇಳಿದಾಗ ಇಡೀ ಓಣಿ ಒಂದೇ ಬೆರಳಾಗಿ ನಾಲ್ಕನೇ ಮಹಡಿ ತೋರಿಸಿತು. ಬಿಯಾಜೊ ಅರ್ಧ ಕ್ಷೌರ ಮಾಡಿದ್ದ ಗಿರಾಕಿಯನ್ನು ಸೋಪಿನ ನೊರೆಯಲ್ಲೇ ಬಿಟ್ಟು, ತಾನೇ ಮುಂದಾಗಿ ಅವರನ್ನು ಮೇಲೆ ಕರೆತಂದ. ಹಿಂದೆಯೇ ಆ ಗಿರಾಕಿ, ಸೊಸ್ಸಿಯೊ, ಮೂರನೇ ಮಹಡಿಯ ಅಕ್ಕತಂಗಿಯರು. ನಮ್ಮ ಬಾಗಿಲು ತುಂಬಿಹೋಯಿತು.

ನನಗೆ ಉಳಿದದ್ದು ಒಂದೇ ದಾರಿ. ಡಾಕ್ಟರಮ್ಮನಿಗೆ ಬರುವುದು ಪುಸ್ತಕದ ಇಟಾಲಿಯನ್, ನಮ್ಮ ಓಣಿಯ ಮಾತು ಒಂದಕ್ಷರ ಅರ್ಥವಾಗುವುದಿಲ್ಲ. ಆದ್ದರಿಂದ, ನಮ್ಮ ಅತ್ತೆಗೂ ಓಣಿಯ ಮಾತು ಬಿಟ್ಟು ಬೇರೆ ತಿಳಿಯದು, ನಾನೇ ನಡುವೆ ನಿಂತು ಹೇಳುತ್ತೇನೆ, ಎಂದುಬಿಟ್ಟೆ.

ಡಾಕ್ಟರಮ್ಮ ಅತ್ತೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಮೆಲ್ಲಗೆ ಹೇಳಿದರು: "ಅಮ್ಮಾ, ನಿಮಗೆ ನೋವಾಗಬಾರದು. ಆದರೆ ಕೆಳಗಿರೋದು ನಿಜವಾದ ಮೂಳೆ ಅಲ್ಲ. ಅಚ್ಚು ತೆಗೆದು ಮಾಡಿದ ನಕಲು. ನಿಜವಾದ್ದು ನಮ್ಮಲ್ಲಿ, ಟ್ಯೂರಿನ್‌ನಲ್ಲಿ, ಕಪಾಟಿನಲ್ಲಿದೆ."

"ಅತ್ತೆ," ಎಂದೆ ನಾನು, "ಟ್ಯೂರಿನ್‌ನವರೆಲ್ಲ ನಿಮ್ಮ ಹೂವನ್ನ ತುಂಬಾ ಮೆಚ್ಕೊಂಡಿದಾರಂತೆ."

ಅತ್ತೆ ನನ್ನನ್ನೊಮ್ಮೆ ನೋಡಿದರು. "ಪಾಪ, ಅಷ್ಟು ದೂರದಿಂದ ಬಂದಿದಾಳೆ. ಕಾಫಿ ಕುಡೀತಾಳಾ ಕೇಳು."

"ಅರ್ಥ ಆಯ್ತಂತೆ," ಎಂದು ನಾನು ಡಾಕ್ಟರಮ್ಮನಿಗೆ ಹೇಳಿದೆ. "ತುಂಬಾ ದುಃಖ ಆಗಿದೆಯಂತೆ. ಸ್ವಲ್ಪ ಹೊತ್ತು ಒಬ್ಬರೇ ಇರ್ಬೇಕಂತೆ."

ಡಾಕ್ಟರಮ್ಮನ ಕಣ್ಣು ತುಂಬಿ ಬಂತು. ಅತ್ತೆಯ ಕೈ ಹಿಡಿದುಕೊಂಡರು.

"ಇವಳು ಯಾಕೆ ಅಳ್ತಾಳೆ?" ಅಂದರು ಅತ್ತೆ.

"ಕಾಫಿ ಆಗಿಬರಲ್ವಂತೆ."

ಬಾಗಿಲಲ್ಲಿ ಬಿಯಾಜೊ ಕೆಮ್ಮಿದ. ಅವನಿಗೆ ಎರಡೂ ಭಾಷೆ ಬರುತ್ತಿತ್ತು, ಅಲ್ಲಿದ್ದ ಎಲ್ಲರಿಗೂ ಬರುತ್ತಿತ್ತು. ನಾನು ಕಣ್ಣಲ್ಲೇ ಅವನ ಕಾಲು ಹಿಡಿದೆ.

ಡಾಕ್ಟರಮ್ಮ ಬಿಡಲಿಲ್ಲ. ತಮ್ಮ ಕೆಲಸದ ಮೇಲೆ ಪ್ರೀತಿಯಿರುವ ಹೆಂಗಸು, ಪೂರ್ತಿ ಹೇಳದೆ ಏಳುವವರಲ್ಲ. ಅದು ಗಂಡಸಿನದಲ್ಲ ಎಂದರು. ಐವತ್ತರ ಹೆಂಗಸು, ಬಹುಶಃ ಈ ಅಗಸರ ಕಟ್ಟೆಯಲ್ಲೇ ಜೀತಕ್ಕಿದ್ದವಳು. ವರ್ಷಗಟ್ಟಲೆ ತೊಟ್ಟಿಯಲ್ಲಿ ನಿಂತು ಬಟ್ಟೆ ತುಳಿದು ಮೊಣಕಾಲಿನ ಮೂಳೆಗಳು ಸವೆದು ಒಂದಕ್ಕೊಂದು ಅಂಟಿಕೊಂಡಿವೆ. ಕೊನೆಯ ವರ್ಷಗಳಲ್ಲಿ ಅವಳಿಗೆ ಮೆಟ್ಟಿಲು ಹತ್ತಿ ಇಳಿಯಲು ಆಗುತ್ತಿರಲಿಲ್ಲ.

"ಇಪ್ಪತ್ತೆರಡರ ಹುಡುಗನೇ ಅತ್ತೆ," ಎಂದೆ ನಾನು. ನನ್ನ ಧ್ವನಿ ನನಗೇ ಯಾರದೋ ಅನ್ನಿಸಿತು. "ಕಾಲು ಕಬ್ಬಿಣದ ಹಾಗಿತ್ತಂತೆ."

ಅತ್ತೆ ಕೈಯಲ್ಲಿದ್ದ ಜಪಮಾಲೆಯನ್ನು ಮಡಿಲಲ್ಲಿಟ್ಟರು. ಬೆನ್ನು ನೆಟ್ಟಗೆ ಮಾಡಿ, ಟಿವಿಯಲ್ಲಿ ವಾರ್ತೆ ಓದುವ ಹೆಂಗಸಿನ ಅಚ್ಚ ಭಾಷೆಯಲ್ಲಿ, ಒಂದಕ್ಷರ ತಪ್ಪಿಲ್ಲದೆ ಹೀಗೆಂದರು:

"ಡಾಕ್ಟರಮ್ಮನವರೇ, ದಯವಿಟ್ಟು ಕುರ್ಚಿಯ ಮೇಲೆ ಕುಳಿತುಕೊಳ್ಳಿ. ನನ್ನ ಅಳಿಯ ಈಗ ಕಾಫಿ ಮಾಡಿ ತರುತ್ತಾನೆ. ಆಕೆಯ ಮೊಣಕಾಲಿನ ವಿಷಯವನ್ನು ನನಗೆ ಇನ್ನೊಮ್ಮೆ ವಿವರವಾಗಿ ತಿಳಿಸಬೇಕು."

ದಿನವಿಡೀ ಟಿವಿ ಮುಂದೆ ಕೂರುವ ಹೆಂಗಸಿಗೆ ಟಿವಿಯ ಭಾಷೆ ಬರುತ್ತದೆಂಬುದು ನನಗೊಬ್ಬನಿಗೇ ಹೊಳೆದಿರಲಿಲ್ಲ. ನೆಲ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು. ಆದರೆ ನಮ್ಮ ಕಟ್ಟಡದ ನೆಲ ಹನ್ನೆರಡು ವರ್ಷದ ಹಿಂದೆಯೇ ಬಾಯಿಬಿಟ್ಟು, ಅದರ ಮೇಲೆ ಗಾಜು ಮುಚ್ಚಿ, ಟಿಕೆಟ್ ಇಟ್ಟಾಗಿತ್ತು. ನನಗೆ ಹೋಗಲು ಅಡುಗೆಮನೆಯೊಂದೇ ಉಳಿದದ್ದು.

ಕಾಫಿ ಉಕ್ಕಿಸಿ, ಒಲೆ ಒರೆಸಿ, ಮತ್ತೆ ಮಾಡಿ ತಂದೆ. ಅಷ್ಟರಲ್ಲಿ ಅತ್ತೆ ತಮ್ಮ ಲಂಗವನ್ನು ಸ್ವಲ್ಪ ಎತ್ತಿ, ಊದಿದ ಮೊಣಕಾಲು ತೋರಿಸುತ್ತಿದ್ದರು. ಡಾಕ್ಟರಮ್ಮ ತಮ್ಮ ಮೊಬೈಲಿನಲ್ಲಿ ಆ ಮೂಳೆಗಳ ಚಿತ್ರ ತೋರಿಸುತ್ತಿದ್ದರು. ಇಬ್ಬರೂ ತಲೆಗೆ ತಲೆ ಕೊಟ್ಟು ಕೂತಿದ್ದರು. ನನ್ನ ಕಡೆ ಯಾರೂ ನೋಡಲಿಲ್ಲ, ಕಪ್ಪನ್ನು ಮಾತ್ರ ತೆಗೆದುಕೊಂಡರು.

ಎಲ್ಲರೂ ಹೋದ ಮೇಲೆ ನಾನು ಮಂಚದ ಹತ್ತಿರ ನಿಂತೆ. ನಿಮ್ಮ ಒಳ್ಳೆಯದಕ್ಕೇ ಮಾಡಿದೆ, ನೀವು ಊಟ ಮಾಡುತ್ತಿದ್ದಿರಿ, ಬದನೆಕಾಯಿ ಕರಿದಿರಿ, ಅದಕ್ಕೇ ಹೇಳಲು ಬಾಯಿ ಬರಲಿಲ್ಲ, ಎಂದು ಏನೇನೋ ತೊದಲಿದೆ. ಅತ್ತೆ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

"ನೀನು ಸುಳ್ಳು ಹೇಳಿದ್ದಕ್ಕೆ ನಂಗೇನೂ ಇಲ್ಲ, ಅನಿಯೆ," ಅಂದರು. "ಮದುವೆ ದಿನದಿಂದ ಕೇಳ್ತಾ ಇದೀನಿ. ಆದ್ರೆ ಆರು ತಿಂಗಳು ನಾನು ಕಳಿಸಿದ ನೀರೆಲ್ಲ ಗಾರೆಗೆ ಹೋಯ್ತು. ಅವಳು ಅಲ್ಲಿ ಚಳಿಯೊಳಗೆ, ಕಪಾಟಲ್ಲಿ, ಒಬ್ಬಳೇ ಇದ್ದಳು. ನಾನಿಲ್ಲಿ ಅವಳನ್ನ ಬಿಟ್ಟಿದ್ರೆ, ಅಲ್ಲಿ ವಿತ್ತೊರೊನ್ನೂ ಯಾರೋ ಬಿಟ್ಟಿರ್ತಾರೆ. ಆರು ತಿಂಗಳು."

ಆದರೆ ಅದು ಹೆಂಗಸಂತೆ ಅತ್ತೆ, ಎಂದೆ.

"ನಾನು ಗಂಡಸು ಬೇಕು ಅಂದಿದ್ನಾ? ಯಾರೂ ಇಲ್ಲದವರು ಬೇಕು ಅಂದಿದ್ದೆ."

ಆಮೇಲೆ ಅವರು ಗೋಡೆಯ ಕಡೆ ತಿರುಗಿದರು. ಆದರೆ ತಿರುಗಿದ್ದು ಗೋಡೆಯ ಗೂಡಿನಲ್ಲಿದ್ದ ಉಣ್ಣೆ ಉಂಡೆ ತೆಗೆಯುವುದಕ್ಕೆ. ಶನಿವಾರ, ಭಾನುವಾರ ಎರಡೂ ದಿನ ಕೂತು ಹೆಣೆದರು. ಸೋಮವಾರ ಬೆಳಗ್ಗೆ ನಾನು ಬೀದಿಯಲ್ಲಿ ನಿಂತಿದ್ದಾಗ ಬುಟ್ಟಿ ಇಳಿಯಿತು: ಕರವಸ್ತ್ರ, ಒಂದು ಬಾಟಲಿ ನೀರು, ಉಣ್ಣೆಯ ಎರಡು ಮೊಣಕಾಲು ಚೀಲ, ಟ್ಯೂರಿನ್‌ಗೆ ರೈಲು ಟಿಕೆಟ್.

ಓಣಿಯವರೆಲ್ಲ ಬಾಗಿಲಿಗೆ ಬಂದಿದ್ದರು. ನಾನು ನೆಲ ನೋಡಿಕೊಂಡು ನಡೆದೆ. ಬಿಯಾಜೊ ಮಾತ್ರ ಹಿಂದೆಯೇ ಬಂದು, ಎದುರಿನ ಸಲೂನಿನ ಬಗೆಗಿನ ತನ್ನ ಅರ್ಜಿಯನ್ನು ಸರಿಯಾದ ವಿಳಾಸದಲ್ಲಿ ಇನ್ನೊಮ್ಮೆ ಹೇಳಿ ಬಾ ಎಂದ. ಹಾಗಾದರೆ ಶಟರ್ ಸಿಕ್ಕಿಸಿದ್ದು ಯಾರು ಎಂದು ಕೇಳಿದೆ. ಅವನು, ಗಾರೆಗೂ ತನ್ನ ಮಟ್ಟಿಗೆ ಶಕ್ತಿಯಿರಬಹುದು ಎಂದ.

ಟ್ಯೂರಿನ್‌ನಲ್ಲಿ ಮಂಜು ಕವಿದಿತ್ತು. ಪ್ರಯೋಗಶಾಲೆಯ ಬಾಗಿಲಲ್ಲಿ ಬೋಳುತಲೆಯ ಗುಮಾಸ್ತರೊಬ್ಬರು ಒಂದು ದೊಡ್ಡ ಪುಸ್ತಕ ಮುಂದೆ ತಳ್ಳಿದರು. ಹೆಸರು ಬರೆದೆ. ನೋಡಬೇಕಾದ ಪೆಟ್ಟಿಗೆ: ನಲವತ್ತೊಂದು. ಮುಂದಿನ ಅಂಕಣದಲ್ಲಿ "ಸಂಬಂಧ" ಎಂದಿತ್ತು. ಪ್ರೊಫೆಸರ್, ಪತ್ರಕರ್ತ, ನೇಪಲ್ಸ್ ನಗರಸಭೆಯ ವಿಶೇಷ ಪ್ರತಿನಿಧಿ, ಎಲ್ಲವೂ ರೈಲಿನಲ್ಲೇ ತಯಾರಾಗಿದ್ದವು. ಅಭ್ಯಾಸ ಅಷ್ಟು ಬೇಗ ಬಿಡುವುದಿಲ್ಲ. ಪೆನ್ನನ್ನು ಕಾಗದಕ್ಕೆ ಇಳಿಸಿ ಮತ್ತೆ ಎತ್ತಿದೆ. ಆಮೇಲೆ, "ಒಂದೇ ಕಟ್ಟಡದವರು" ಎಂದು ಬರೆದೆ.

ಗುಮಾಸ್ತರು ಕನ್ನಡಕದ ಮೇಲಿಂದ ನೋಡಿ, ಅದು ಹೇಗೆ ಎಂದರು.

"ನಾವು ನಾಲ್ಕನೇ ಮಹಡಿ, ಸಾರ್," ಎಂದೆ. "ಅವರು ಲಿಫ್ಟ್ ಹತ್ತಿರ."

ಡಾಕ್ಟರಮ್ಮ ಬಂದು ಒಳಗೆ ಕರೆದುಕೊಂಡು ಹೋದರು. ನಾನು ಮೊದಲು ಪೆಟ್ಟಿಗೆಯ ಮೇಲಿನ ಚೀಟಿಯನ್ನು ಪೂರ್ತಿ ಓದಿದೆ, ಎರಡು ಸಲ. ಪೆಟ್ಟಿಗೆಯೊಳಗೆ ಹೊರಗಿನ ವಸ್ತು ಇಡುವ ಹಾಗಿಲ್ಲ. ಅವರು ಕರವಸ್ತ್ರವನ್ನು ಮುಚ್ಚಳದ ಮೇಲೆ ಹಾಸಿ, ಅದರ ಮೇಲೆ ಮೊಣಕಾಲು ಚೀಲಗಳನ್ನಿಟ್ಟು, ದಾರದಿಂದ ಕಟ್ಟಿದರು. ಕಟ್ಟುವ ಮುಂಚೆ ಒಮ್ಮೆ ತೆರೆದು ತೋರಿಸಿದರು. ಚಿಕ್ಕ ಹೆಂಗಸು. ಹಲ್ಲು ನಾನು ಹೇಳಿದ ಹಾಗೆ ಮುತ್ತಿನ ಸಾಲೇನಲ್ಲ, ಆರೋ ಏಳೋ ಉಳಿದಿದ್ದವು. ಆ ಮೊಣಕಾಲು ನೋಡಿದ ಮೇಲೆ ನನಗೆ ತಲೆಯೆತ್ತಲು ಆಗಲಿಲ್ಲ. ಇಷ್ಟು ದಿನ ನಾನು ಇವರನ್ನು ಕಬ್ಬಿಣದ ಕಾಲಿನ ಹುಡುಗ ಮಾಡಿ, ಇವರ ಫಲಕದ ಮೇಲೆ ಹೂದಾನಿ ಇಟ್ಟಿದ್ದೆ. ತಪ್ಪಾಯಿತಮ್ಮ ಎಂದೆ. ಡಾಕ್ಟರಮ್ಮ ಕಿಟಕಿಯ ಕಡೆ ನೋಡುತ್ತಿದ್ದರು.

ಜೇಬಿನಲ್ಲಿ ಫೋನ್ ಬಡಿದುಕೊಂಡಿತು. ಅತ್ತೆ.

"ಬೆವರಿದ್ಲಾ?"

ಬಗ್ಗಿ ನೋಡಿದೆ. ಎರಡು ಸಾವಿರ ವರ್ಷದ ಒಣ ಮೂಳೆ, ಸೀಮೆಸುಣ್ಣದ ಹಾಗೆ. ಬಾಯಿಯವರೆಗೆ ಬಂದ ಮಾತನ್ನು ನುಂಗಿದೆ.

"ಇಲ್ಲ ಅತ್ತೆ. ಒಣಗಿದೆ."

ಆ ಕಡೆ ಟಿವಿಯ ಸದ್ದು ತಗ್ಗಿತು.

"ಹಾಗಾದ್ರೆ ನಿಜವಾಗ್ಲೂ ಅಲ್ಲಿಗೆ ಹೋಗಿದೀಯ," ಅಂದರು ಅತ್ತೆ. "ಸರಿ, ನೀರಿಟ್ಟು ಬಾ."